ಎರಡು ಬೆರಳಿನ ಬೂದಿ

ಹೆದರಿದ್ದಾಳೆ, ನಿಜ. ಆದರೆ ಹೆದರಿರುವುದು ಇದಕ್ಕೇನಾ?

ಮೇಜಿನ ಮೇಲಿದ್ದ ಮೂರು ಫೋಟೊಗಳನ್ನೂ ಎದುರಿಗೆ ಕೂತಿದ್ದ ಹೆಂಗಸನ್ನೂ ನೋಡುತ್ತ ಇನ್ಸ್‌ಪೆಕ್ಟರ್ ಓಂಕಾರಮೂರ್ತಿ ಇದನ್ನೇ ಯೋಚಿಸುತ್ತಿದ್ದ. ಬೆದರಿಕೆಗೆ ಅಂಜಿದವರು ಠಾಣೆಗೆ ಬಂದು ಕೂತ ಮೇಲೆ ಸ್ವಲ್ಪವಾದರೂ ಸಡಿಲವಾಗುತ್ತಾರೆ. ಅಳುತ್ತಾರೆ, ನೀರು ಕೇಳುತ್ತಾರೆ, ಯಾರ ಮೇಲಾದರೂ ಅನುಮಾನ ಹೇಳುತ್ತಾರೆ. ಈಕೆ ಬಂದ ಗಳಿಗೆಯಿಂದ ಇನ್ನಷ್ಟು ಬಿಗಿಯಾಗಿದ್ದಳು. ಅವನು ಫೋಟೊ ಕೈಗೆತ್ತಿಕೊಂಡಾಗಲೆಲ್ಲ ಅವಳ ಕಣ್ಣು ಫೋಟೊದ ಕಡೆಗಲ್ಲ, ಅವನ ಮುಖದ ಕಡೆಗೆ ಹೋಗುತ್ತಿತ್ತು.

2025ರ ಸೆಪ್ಟೆಂಬರ್ 15, ಸೋಮವಾರ, ಬೆಳಗ್ಗೆ 11.20. ಚಳ್ಳಕೆರೆಯ ಠಾಣೆ. ದೂರುದಾರಳ ಹೆಸರು ನಿರ್ಮಲಾ, ವಯಸ್ಸು 35. ಮಾತಾಡುತ್ತಿದ್ದವನು ಮಾತ್ರ ಅವಳ ಮನೆಯ ಮಾಲೀಕ, ಶೇಂಗಾ ವ್ಯಾಪಾರಿ ಮುರುಗೇಂದ್ರಪ್ಪ.

"ಮನೆ ಖಾಲಿ ಮಾಡಮ್ಮಾ ಅಂದ್ರೆ ಮಾಡಲ್ಲ, ಕಂಪ್ಲೇಂಟಾದ್ರೂ ಕೊಡು ಅಂದ್ರೆ ಕೊಡಲ್ಲ ಸಾರ್. ಅದಕ್ಕೇ ನಾನೇ ಎಳ್ಕಂಡು ಬಂದೆ. ಮಾಟ ಮಾಡ್ಸಿರೋದು ಈಕೆಗೆ, ಜ್ವರ ಬಂದಿರೋದು ನಮ್ಮನೆಯೋಳಿಗೆ!"

"ನೀವು ಹೊರಗೆ ಕೂತಿರಿ."

"ಬೂದಿ ನೋಡಿ ಸಾರ್, ಬೂದಿ..."

"ಹೊರಗೆ ಅಂದೆ."

ಫೋಟೊಗಳು ಹಳೆಯ ಸ್ಟುಡಿಯೊ ಪ್ರಿಂಟುಗಳು. ಮೂರರಲ್ಲೂ ನಿರ್ಮಲಾಳೇ. ಈಗಿನ ನಿರ್ಮಲಾ ಅಲ್ಲ, ಇಪ್ಪತ್ತೆರಡು ಇಪ್ಪತ್ಮೂರರ ಹುಡುಗಿ. ಮೈಮೇಲೆ ಬಟ್ಟೆ ಕಡಿಮೆ, ಮುಖದಲ್ಲಿ ಕಲಿಸಿಕೊಟ್ಟ ನಗು. ಒಂದೊಂದರ ಹಿಂದೆಯೂ ಪೆನ್ಸಿಲಿನ ಗುಂಡು ಅಕ್ಷರ. ಮೊದಲನೆಯದರಲ್ಲಿ "ಊರು ಬಿಡು". ಎರಡನೆಯದರಲ್ಲಿ "ಬಿಡು ಅಂದೆ". ಮೂರನೆಯದರಲ್ಲಿ "ಬಿಡದಿದ್ರೆ ಮಾಳಯದ ಅಮಾಸೆಗೆ ಮನೆಗೆ ಬೆಂಕಿ". ಪ್ರತಿಯೊಂದರ ಅಂಚಿನಲ್ಲೂ ಬೂದಿಯ ಗುರುತು. ಮೂರೂ ಬಾಗಿಲ ಸಂದಿಯಿಂದ ಒಳಗೆ ಬಂದವು: ಜೂನ್ 25, ಜುಲೈ 24, ಆಗಸ್ಟ್ 23.

ಹೆಡ್ ಕಾನ್‌ಸ್ಟೇಬಲ್ ರಾಜಣ್ಣ ಗೋಡೆಯ ಕ್ಯಾಲೆಂಡರಿನ ಹಾಳೆ ಮಗುಚಿ ನೋಡಿದ. ಮೂರೂ ಅಮಾವಾಸ್ಯೆ. ಅವನ ಕೈ ತಾನಾಗಿಯೇ ಅಂಗಿಯೊಳಗಿದ್ದ ಶಿವದಾರದ ಕಡೆಗೆ ಹೋಯಿತು. ಮಹಾಲಯ ಅಮಾವಾಸ್ಯೆ ಬರುವ ಭಾನುವಾರ, 21ಕ್ಕೆ.

"ಏನು ಕೆಲಸ ಮಾಡ್ತೀರಿ?" ಓಂಕಾರಮೂರ್ತಿ ಕೇಳಿದ.

"ಈಗ ಡ್ಯಾನ್ಸಿನೋರಿಗೆ ಬಟ್ಟೆ ಹೊಲೀತೀನಿ. ಚಮಕಿ ಕೆಲಸ. ಪಾರ್ಸೆಲ್ ಕಳಿಸ್ತೀನಿ."

"ಮೊದಲು?"

"ನಾನೇ ಡ್ಯಾನ್ಸ್ ಮಾಡ್ತಿದ್ದೆ." ಉಳಿದದ್ದನ್ನು ಅವಳು ಒಂದೇ ಉಸಿರಿಗೆ ಹೇಳಿದಳು. "ಬೆಂಗಳೂರಲ್ಲಿ ಬಾರು, ಆಮೇಲೆ ಮುಂಬೈ, ಆರು ವರ್ಷ ಗೋವಾ. ಫೋಟೊಕ್ಕೂ ನಿಲ್ತಿದ್ದೆ. ಮೊದಮೊದಲು ಕ್ಯಾಲೆಂಡರಿಗೆ, ಆಮೇಲೆ ಬಟ್ಟೆ ಇಲ್ಲದ ಫೋಟೊಕ್ಕೂ ನಿಂತೆ. ಫೋನಲ್ಲಿ ದುಡ್ಡು ಕಟ್ಟಿ ನೋಡೋದು ಬಂತಲ್ಲ, ಅದರಲ್ಲೂ ಇದ್ದೆ. ರೂಹಿ ಅಂತ ಹೆಸರು. ಮೂರು ವರ್ಷದ ಹಿಂದೆ ಮಂಡಿ ಚಿಪ್ಪು ಸರೀತು, ನಿಲ್ಲಿಸಿದೆ. ಯಾರ ಮನೇನೂ ಕದ್ದಿಲ್ಲ ಸರ್."

"ರೂಹಿ..." ರಾಜಣ್ಣ ಗಂಟಲಲ್ಲೇ ಅಂದ. "ಕೇಳಿದಂಗೈತಲ್ಲ ಹೆಸರು."

"ಎಲ್ಲಿ ಕೇಳಿದ್ರಿ ರಾಜಣ್ಣ? ಮಠದಾಗಾ?" ಬಾಗಿಲ ಬಳಿ ನಿಂತಿದ್ದ ಮಹಿಳಾ ಕಾನ್‌ಸ್ಟೇಬಲ್ ಗಂಗಾಂಬಿಕಾ ಕೇಳಿದಳು. ರಾಜಣ್ಣ ಮತ್ತೆ ಕ್ಯಾಲೆಂಡರಿನ ಕಡೆ ತಿರುಗಿದ.

"ಅಕ್ಷರ ಗುರುತು ಸಿಗುತ್ತಾ?" ಓಂಕಾರಮೂರ್ತಿ ನಿರ್ಮಲಾಳನ್ನು ಕೇಳಿದ.

"ಇಲ್ಲ."

"ಸ್ವಂತ ಊರು?"

"ಮೊಳಕಾಲ್ಮೂರು."

"ಅಲ್ಲಿ ಯಾರಿದ್ದಾರೆ?"

"ಯಾರೂ ಇಲ್ಲ."

"ಇಲ್ಲ", "ಯಾರೂ ಇಲ್ಲ" ಎಂಬ ಎರಡು ಉತ್ತರ ಮಾತ್ರ ಪ್ರಶ್ನೆ ಮುಗಿಯುವ ಮೊದಲೇ ಬಂದವು. ಓಂಕಾರಮೂರ್ತಿ ಅದನ್ನು ಬರೆದುಕೊಳ್ಳಲಿಲ್ಲ, ನೆನಪಿಟ್ಟುಕೊಂಡ. 12.45ಕ್ಕೆ ಎಫ್‌ಐಆರ್ ದಾಖಲಾಯಿತು. ಭಾರತೀಯ ನ್ಯಾಯ ಸಂಹಿತೆ ಕಲಂ 79 ಮತ್ತು 351. ಆರೋಪಿ: ಅಪರಿಚಿತ.

ಮಧ್ಯಾಹ್ನ ಮೂರಕ್ಕೆ ಮನೆಯ ಪಂಚನಾಮೆ. ಒಂದು ಕೋಣೆ, ಅಡುಗೆಮನೆ, ಹಿತ್ತಲ ಬಾಗಿಲು. ಹೊಲಿಗೆ ಯಂತ್ರದ ಸುತ್ತ ನೆಲದ ಮೇಲೆಲ್ಲ ಬಣ್ಣದ ಚಮಕಿ. ಮುಂಬಾಗಿಲ ಹಿಂದೆ ಎರಡು ಬಕೆಟ್ ನೀರು, ಅದರಲ್ಲಿ ನೆನೆಹಾಕಿದ ಗೋಣಿಚೀಲ. ಹಾಸಿಗೆ ಮಂಚದ ಮೇಲಿರಲಿಲ್ಲ. ಹಿತ್ತಲ ಬಾಗಿಲಿಗೆ ಒತ್ತಿ ನೆಲದ ಮೇಲಿತ್ತು.

"ಎಷ್ಟು ದಿನದಿಂದ ಇಲ್ಲಿ ಮಲಗ್ತೀರಿ ಅಕ್ಕಾ?" ಗಂಗಾಂಬಿಕಾ ಕೇಳಿದಳು.

"ಮೂರನೇದು ಬಂದಾಗಿನಿಂದ."

"ಹಂಗಿದ್ರೂ ಊರು ಬಿಡಲಿಲ್ಲ?"

ನಿರ್ಮಲಾ ಗೋಣಿಚೀಲವನ್ನು ಬಕೆಟಿನೊಳಗೆ ಇನ್ನಷ್ಟು ಅದುಮಿದಳು.

ರಾಜಣ್ಣನ ಒತ್ತಾಯದಿಂದ ಎರಡು ದಿನ ಮಾಟಗಾರರ ವಿಚಾರಣೆಯಲ್ಲಿ ಹೋಯಿತು. ಅಕ್ಕಪಕ್ಕದವರೆಲ್ಲ ಅದನ್ನೇ ಹೇಳಿದ್ದರು. ಎದುರು ಮನೆಯವರು ಈಗಾಗಲೇ ಹೊಸ್ತಿಲಿಗೆ ನಿಂಬೆಹಣ್ಣು ಕಟ್ಟಿದ್ದರು. ಬುಧವಾರ ನನ್ನಿವಾಳದ ಕಡೆಯಿಂದ ತಾಯತ ಕಟ್ಟುವ ತಿಪ್ಪೇರುದ್ರಪ್ಪನನ್ನು ಕರೆಸಿದರು. ಎಪ್ಪತ್ತರ ಮುದುಕ, ಠಾಣೆಯ ಬೆಂಚಿನ ತುದಿಯಲ್ಲಿ ಮುದುಡಿ ಕೂತ.

"ಅಮಾಸೆ ದಿನ ಏನು ಮಾಡ್ತೀಯಾ?"

"ಬಾಗಿಲು ಹಾಕ್ಕಂಡು ಮನಿಕ್ಕಂತೀನಿ ಸಾಮಿ. ಅವತ್ತು ನಂಗೂ ಭಯ."

ಓಂಕಾರಮೂರ್ತಿ ಫೋಟೊವನ್ನು ಪ್ಲಾಸ್ಟಿಕ್ ಹಾಳೆಯ ಒಳಗಿಟ್ಟು ಅವನ ಮುಂದೆ ಹಿಡಿದ. ಮುದುಕ ಫೋಟೊದ ಹುಡುಗಿಯನ್ನು ನೋಡದಂತೆ ಒಂದು ಕಣ್ಣು ಮುಚ್ಚಿ ಅಂಚನ್ನು ಮಾತ್ರ ನೋಡಿದ.

"ಇದು ಮಾಟ ಅಲ್ಲ ಬಿಡಿ."

"ಹೆಂಗೆ ಹೇಳ್ತೀಯಾ?"

"ಮಾಟಕ್ಕೆ ಅಂದ್ರೆ ಬೂದಿ ಹಣೆಗೆ ಹಾಕ್ತಾರೆ, ಎದೆಗೆ ಹಾಕ್ತಾರೆ. ಇದು ಅಂಚಿಗೆ ಹತ್ತೈತೆ. ಹಾಕಿದ್ದಲ್ಲ ಸಾಮಿ, ಹಿಡ್ಕಂಡಿದ್ದು. ಯಾರದೋ ಕೈಯಾಗಿತ್ತು ಅಷ್ಟೆ."

ಮಂಗಳವಾರ ಠಾಣೆಗೇ ಬಂದು ಅಚ್ಚು ತೆಗೆದುಕೊಂಡು ಹೋಗಿದ್ದ ಚಿತ್ರದುರ್ಗದ ಬೆರಳಚ್ಚು ಘಟಕದ ವರದಿ ಅಂದೇ ಸಂಜೆ 5.10ಕ್ಕೆ ಬಂತು. ಅದು ಹೇಳಿದ್ದೂ ಅಷ್ಟೇ. ಮೂರೂ ಫೋಟೊದಲ್ಲಿ ಒಬ್ಬರದೇ ಬೆರಳು. ಹೆಬ್ಬೆರಳು ಮತ್ತು ತೋರುಬೆರಳಿನ ಗುರುತು ಬೂದಿಯಲ್ಲಿ ಸ್ಪಷ್ಟ. ಉಳಿದ ಮೂರು ಬೆರಳು ತಾಗಿದ ಕಡೆ ಬೂದಿಯೇ ಇಲ್ಲ. ಅಪರಾಧಿಗಳ ದಾಖಲೆಯಲ್ಲಿ ಹೋಲಿಕೆ ಇಲ್ಲ.

ಎರಡೇ ಬೆರಳಿಗೆ ಬೂದಿ ಯಾರಿಗೆ ಹತ್ತುತ್ತದೆ? ಒಲೆ ಬಳಿಯುವವರಿಗೆ ಅಂಗೈಯೆಲ್ಲ ಹತ್ತುತ್ತದೆ. ಪಾತ್ರೆ ತಿಕ್ಕುವವರಿಗೂ ಹಾಗೇ. ವಿಭೂತಿ ಧರಿಸುವವರಿಗೆ ಮೂರು ಬೆರಳು. ಅವನು ತನ್ನ ಹಣೆಯ ಮೇಲೆ ಮೂರು ಬೆರಳಿಟ್ಟು ನೋಡಿಕೊಂಡ. ಮನೆಯಲ್ಲಿ ಊಟಕ್ಕೆ ಕೂತಾಗಲೂ ಕೈಯನ್ನೇ ನೋಡುತ್ತಿದ್ದ. ಏನಾಯಿತು ಎಂದು ಹೆಂಡತಿ ಕೇಳಲಿಲ್ಲ. ಹದಿನೆಂಟು ವರ್ಷದಲ್ಲಿ ಅವಳು ಕೇಳುವುದನ್ನು ಬಿಟ್ಟಿದ್ದಳು.

18ರಂದು, ಗುರುವಾರ, ಅವನೂ ಗಂಗಾಂಬಿಕಾಳೂ ಮೊಳಕಾಲ್ಮೂರಿಗೆ ಹೊರಟರು. ನೆಪ ಆಧಾರ್ ಕಾರ್ಡಿನ ವಿಳಾಸದ ಪರಿಶೀಲನೆ. ಬೇಕಿದ್ದದ್ದು "ಯಾರೂ ಇಲ್ಲ" ಎಂಬ ಆ ಅವಸರದ ಉತ್ತರ.

ನೇಕಾರರ ಬೀದಿ. ಎರಡೂ ಕಡೆಯ ಮನೆಗಳಿಂದ ಮಗ್ಗದ ಸದ್ದು. ವಿಳಾಸದ ಮನೆಯ ಪಕ್ಕದಲ್ಲಿ ಕ್ಯಾತಪ್ಪನೆಂಬ ಮುದುಕನೊಬ್ಬ ಮಗ್ಗದ ಮುಂದೆ ನೆಲದ ಮೇಲೆ ಕೂತು, ಮುಗಿದ ಹಾಸಿನ ತುದಿಗೆ ಹೊಸ ಹಾಸಿನ ರೇಷ್ಮೆ ಎಳೆಗಳನ್ನು ಒಂದೊಂದಾಗಿ ಹೊಸೆದು ಸೇರಿಸುತ್ತಿದ್ದ. ತೊಡೆಯ ಪಕ್ಕ ತೆಂಗಿನ ಚಿಪ್ಪು. ನಾಲ್ಕೈದು ಎಳೆಗೊಮ್ಮೆ ಎರಡು ಬೆರಳನ್ನು ಅದರೊಳಗೆ ಅದ್ದುತ್ತಿದ್ದ.

"ಚಿಪ್ಪಿನಾಗೇನು?" ಓಂಕಾರಮೂರ್ತಿ ಕೇಳಿದ.

"ಬೂದಿ ಸಾ. ರೇಷ್ಮೆ ಜಾರ್ತದಲ್ಲ, ಬೂದಿ ಇದ್ರೇ ಹೊಸೆಯಾಕೆ ಬರೋದು." ಮುದುಕ ಬೆರಳು ತೋರಿಸಿದ. ಹೆಬ್ಬೆರಳಿನ, ತೋರುಬೆರಳಿನ ಗೆರೆಗಳೊಳಗೆಲ್ಲ ಬಿಳುಪು ಕೂತಿತ್ತು. "ಸೋಪು ಹಾಕಿದ್ರೂ ಹೋಗಲ್ಲ. ಅನ್ನ ತಿಂದ್ರೆ ಅನ್ನಕ್ಕೂ ಬೂದಿ."

"ದಿನಾ ಇದೇ ಕೆಲಸನಾ? ರಜಾ ಇಲ್ವಾ?"

"ಅಮಾಸೆಗೆ ಮಗ್ಗ ಮುಟ್ಟಲ್ಲ. ಅವತ್ತು ಬೀದಿಗೆ ಬೀದಿನೇ ತಣ್ಣಗಿರ್ತದೆ. ಊರು ಕೇರಿ ತಿರುಗೋದಿದ್ರೆ ಅವತ್ತೇ."

ಗಂಗಾಂಬಿಕಾ ಇನ್ಸ್‌ಪೆಕ್ಟರನ ಮುಖ ನೋಡಿದಳು. ಎಣ್ಣೆ ಗಿರಣಿಗಳ ಊರಾದ ಚಳ್ಳಕೆರೆಯಲ್ಲಿ ಕೂತು ಅವರೆಲ್ಲ ಬೂದಿ ಕಂಡು, ಅಮಾವಾಸ್ಯೆ ಕಂಡು ಮಂತ್ರ ಹುಡುಕಿದ್ದರು. ಇಲ್ಲಾದರೆ ಸಣ್ಣ ಮಗುವಿಗೂ ಅದು ಒಂದು ಕೆಲಸ, ಒಂದು ರಜೆ.

"ಎಲ್ಲರೂ ಹೊಸೀತೀರಾ?"

"ಏಡ ಅಂದರಿಕಿ ವಸ್ತುಂದಿ? ಎಲ್ಲಾರಿಗೂ ಎಲ್ಲಿ ಬರ್ತದೆ ಸಾ! ನನಗೆ ಕಣ್ಣು ಹೋಗೈತೆ. ಈ ಬೀದಿಯಾಗೆ ಕೈ ಅಂದ್ರೆ ಪಕ್ಕದ ಮನೆ ನುಂಕಮ್ಮಂದು. ಗೋವರ್ಧನನ ಹೆಂಡ್ತಿ."

ಗೋವರ್ಧನ ನಿರ್ಮಲಾಳ ಅಣ್ಣ. ಅವನು ಮಗ್ಗದ ಗುಂಡಿಯಿಂದ ಮೇಲೆ ಬರದೆಯೇ ಮಾತಾಡಿದ.

"ನಿರ್ಮಲಾ ನಿಮ್ಮ ತಂಗಿಯಲ್ವಾ?"

"ಹೂಂ."

"ಯಾವಾಗ ನೋಡಿದ್ದು?"

"ಆಕೆ ಇತ್ಲಾಗ್ ಬರಲ್ಲ. ನಾವು ಅತ್ಲಾಗ್ ಹೋಗಲ್ಲ. ಜಗಳ ಗಿಗಳ ಏನೂ ಇಲ್ಲ ಸಾರ್."

ಒಳಗಿನಿಂದ ನುಂಕಮ್ಮ ನೀರು ತಂದಳು. ನಲವತ್ತೈದರ ಸಣ್ಣ ಆಳು. ಚೊಂಬನ್ನು ಓಂಕಾರಮೂರ್ತಿಯ ಕೈಗೆ ಕೊಟ್ಟಳು. ಆಕೆ ಒಳಗೆ ಹೋದ ಮೇಲೆ ನೋಡಿದರೆ ಹಿತ್ತಾಳೆಯ ಕುತ್ತಿಗೆಯ ಮೇಲೆ ಎರಡು ಮಸುಕು ಅಚ್ಚು. ಗೋಡೆಯ ಮೇಲೆ ಯೂನಿಫಾರ್ಮು ಹಾಕಿದ ಹುಡುಗಿಯ ಫೋಟೊ.

"ಮಗಳಾ?"

"ಹೂಂ, ದೀಪಿಕಾ. ಚಳ್ಳಕೆರೆಯಾಗೆ ಪಿಯುಸಿ ಓದ್ತಾಳೆ. ಹಾಸ್ಟೆಲ್ಲು. ಜೂನಿನಾಗೆ ಸೇರಿಸಿದ್ವಿ."

ಹುಡುಗಿಯ ಹುಬ್ಬು, ಕೆಳತುಟಿ. ಗೋವರ್ಧನನದೂ ಅಲ್ಲ, ನುಂಕಮ್ಮನದೂ ಅಲ್ಲ. ಮೂರು ದಿನದಿಂದ ಅವನ ಮೇಜಿನ ಮೇಲಿದ್ದ ಫೋಟೊಗಳದ್ದು. ಓಂಕಾರಮೂರ್ತಿ ನೀರು ಕುಡಿದು, ಚೊಂಬನ್ನು ಕೆಳಗಿಟ್ಟು ಎದ್ದ.

19ರಂದು ಬೆಳಗ್ಗೆ ಗಂಗಾಂಬಿಕಾ ಹಾಸ್ಟೆಲಿನ ಭೇಟಿ ಪುಸ್ತಕ ತಂದಳು. ದೀಪಿಕಾಳನ್ನು ನೋಡಲು ನುಂಕಮ್ಮ ಬಂದದ್ದು ಮೂರು ಸಲ. ಜೂನ್ 25, ಜುಲೈ 24, ಆಗಸ್ಟ್ 23. ಸಹಿ ಗುಂಡು ಅಕ್ಷರದಲ್ಲಿತ್ತು. ಮುರುಗೇಂದ್ರಪ್ಪನ ಬಾಡಿಗೆ ಮನೆ ಇದ್ದದ್ದು ಹಾಸ್ಟೆಲಿನಿಂದ ಕಾಲೇಜಿಗೆ ಹೋಗುವ ದಾರಿಯಲ್ಲಿ.

ಅಂದು ಸಂಜೆ ಓಂಕಾರಮೂರ್ತಿ ಆ ಮನೆಗೆ ಹೋದ. ನಿರ್ಮಲಾ ಬಾಗಿಲು ತೆರೆದು, ಅವನ ಮುಖ ನೋಡಿದ ಕೂಡಲೇ ಹೊಲಿಗೆ ಯಂತ್ರ ಹಿಡಿದುಕೊಂಡಳು.

"ಮೊಳಕಾಲ್ಮೂರಿಗೆ ಹೋಗಿದ್ರಾ?"

"ಮೊದಲನೇ ಫೋಟೊ ಬಂದಾಗಲೇ ನಿಮಗೆ ಗೊತ್ತಿತ್ತು."

"ಆ ಆಲ್ಬಮ್ಮು ನನ್ನ ಟ್ರಂಕಲ್ಲಿತ್ತು. ಮುಂಬೈಗೆ ಹೋಗೋವಾಗ ಟ್ರಂಕನ್ನ ಅಣ್ಣನ ಮನೆಗೆ ಪಾರ್ಸೆಲ್ ಹಾಕಿದ್ದೆ, ಅವರ ಅಟ್ಟದ ಮೇಲೈತೆ. ಆ ಫೋಟೊ ಬೇರೆ ಎಲ್ಲೂ ಇಲ್ಲ."

"ಮತ್ತೆ ಯಾಕೆ ಹೇಳಲಿಲ್ಲ?"

"ಹೇಳಿದ್ರೆ ನೀವು ಯಾಕೆ ಅಂತ ಹುಡುಕ್ತೀರಿ." ಅವಳು ನೆಲದ ಮೇಲೆ ಕೂತಳು. "ಗಂಡ ಬಿಟ್ಟು ಹೋದಾಗ ಕೂಸಿಗೆ ಹತ್ತು ತಿಂಗಳು. ಅತ್ತಿಗೆಗೆ ಮಕ್ಕಳಿರಲಿಲ್ಲ. ಎರಡು ವರ್ಷ ನೋಡ್ಕ ಅತ್ತಿಗೆ, ಗಾರ್ಮೆಂಟ್ಸಲ್ಲಿ ದುಡ್ಕಂಡು ಬಂದು ಕರ್ಕಂಡು ಹೋಗ್ತೀನಿ ಅಂದಿದ್ದೆ. ಗಾರ್ಮೆಂಟ್ಸಲ್ಲಿ ಎಂಟು ತಿಂಗಳಿದ್ದೆ ಅಷ್ಟೆ. ಆಮೇಲೆ ಸ್ಟೇಜು. ಅಲ್ಲಿ ಲೈಟು ನಮ್ಮ ಮೇಲಿರುತ್ತೆ ಸರ್, ನೋಡೋರ ಮುಖ ಕಾಣಲ್ಲ. ಯಾರೋ ಕತ್ತಲಲ್ಲಿ ಕೂತು ನೋಡ್ತಾವ್ರೆ ಅನ್ನೋದಷ್ಟೇ ಗೊತ್ತಾಗುತ್ತೆ. ಹನ್ನೆರಡು ವರ್ಷ ಹಂಗೇ ಕುಣಿದೆ, ಭಯ ಆಗಿರಲಿಲ್ಲ. ಈಗ ಆಗುತ್ತೆ."

"ಮಗಳನ್ನ ಕರ್ಕಂಡು ಹೋಗಾಕೆ ಬಂದ್ರಾ?"

"ಅಯ್ಯೋ ಇಲ್ಲ. ಇಲ್ಲಿ ಕಾಲೇಜಿಗೆ ಸೇರ್ತಾಳೆ ಅಂತ ಊರಿನೋರು ಹೇಳಿದ್ರು, ನೋಡೋಕೆ ಬಂದೆ." ಅವಳು ಕಿಟಕಿಯ ಕಡೆ ಕೈ ತೋರಿಸಿದಳು. "ನಾಲ್ಕೂವರೆಗೆ ಈ ರಸ್ತೇಲಿ ಹೋಗ್ತಾಳೆ. ಕಾಣ್ತಾಳೆ. ಅಷ್ಟೆ. ನಾನು ಯಾರು ಅಂತ ಅವಳಿಗೆ ಗೊತ್ತಿಲ್ಲ, ಗೊತ್ತಾಗೋದೂ ಬೇಡ. ಅವಳಿಗೆ ಅವ್ವ ಅಂದ್ರೆ ಅತ್ತಿಗೆ. ಸರ್, ನೀವು ಏನಾದ್ರೂ ಬರ್ಕಳ್ಳಿ. ಆ ಹುಡುಗಿ ಮಾತು ಮಾತ್ರ ಕಾಗದದ ಮೇಲೆ ಬರೋದು ಬೇಡ. ಕೈ ಮುಗೀತೀನಿ."

ಅವಳು ನಿಜವಾಗಿ ಕೈ ಮುಗಿದಳು. ಸೋಮವಾರದಿಂದ ತಾನು ನೋಡುತ್ತಿದ್ದ ಭಯ ಯಾವುದು ಎಂದು ಅವನಿಗೆ ಆಗ ತಿಳಿಯಿತು. ಬೆಂಕಿಗೆ ಬಕೆಟ್ ನೀರಿತ್ತು. ತನಿಖೆಗೆ ಏನೂ ಇರಲಿಲ್ಲ.

ಶನಿವಾರ ಇಡೀ ದಿನ ಅವನು ಒಂದೇ ವಿಷಯ ತೂಗಿದ. ಚೊಂಬಿನ ಅಚ್ಚು ಸಾಕ್ಷ್ಯವಲ್ಲ. ಭೇಟಿ ಪುಸ್ತಕ ಮಗಳನ್ನು ನೋಡಲು ಬಂದ ತಾಯಿಯದು. ಹೋಗಿ ಎದುರಿಗೆ ಕೇಳಿದರೆ ಇಲ್ಲ ಎನ್ನುತ್ತಾಳೆ, ಅಮಾವಾಸ್ಯೆ ಬಿಟ್ಟು ಬೇರೆ ದಿನ ಬರುತ್ತಾಳೆ, ಆಗ ಇಲ್ಲಿ ಯಾರೂ ಇರುವುದಿಲ್ಲ. ಕಾಯುವುದೇ ಸರಿ ಎಂದು ತೀರ್ಮಾನಿಸಿದ.

21, ಭಾನುವಾರ. ಬೆಳಗ್ಗೆ ಎಂಟಕ್ಕೇ ಅವನೂ ಗಂಗಾಂಬಿಕಾಳೂ ಹಿತ್ತಲಿನಿಂದ ಮನೆಯೊಳಗೆ ಹೋದರು. ರಾಜಣ್ಣ ಮಫ್ತಿಯಲ್ಲಿ ಎದುರಿನ ಅಂಗಡಿಯ ಕಟ್ಟೆಯ ಮೇಲೆ. ನಿರ್ಮಲಾಳನ್ನು ಬೇರೆ ಕಡೆ ಇರಿಸುತ್ತೇವೆಂದರೆ ಒಪ್ಪಲಿಲ್ಲ. ಬೀದಿಯ ಮನೆಗಳಲ್ಲಿ ಹಿರಿಯರಿಗೆ ಎಡೆ ಇಡುವ ದಿನ. ಒಬ್ಬಟ್ಟಿನ ವಾಸನೆ, ಕಾಗೆಗಳ ಗಲಾಟೆ. ಮುಚ್ಚಿದ ಕಿಟಕಿಯ ಒಳಗೆ ಮೂವರೂ ನೆಲದ ಮೇಲೆ ಕೂತಿದ್ದರು. ಹೊರಗೆ ಚಪ್ಪಲಿ ಸದ್ದಾದಾಗಲೆಲ್ಲ ನಿರ್ಮಲಾ ಉಸಿರು ಹಿಡಿಯುತ್ತಿದ್ದಳು, ಸದ್ದು ದಾಟಿಹೋದ ಮೇಲೂ ಬಿಡುತ್ತಿರಲಿಲ್ಲ. ಓಂಕಾರಮೂರ್ತಿ ತನ್ನ ಕೈಗಡಿಯಾರವನ್ನು ಕಳಚಿ ಜೇಬಿಗೆ ಹಾಕಿದ. ಅದರ ಸದ್ದು ಕೇಳಿಸುತ್ತಿತ್ತು.

12.50ಕ್ಕೆ ರಾಜಣ್ಣನ ಮೆಸೇಜು: "ಬಸ್ಸಿಳಿದು ಬರ್ತಾವ್ಳೆ. ಕೈಯಾಗೆ ಟಿಫನ್ ಕ್ಯಾರಿಯರ್ರು, ಚೀಲ."

ಚಪ್ಪಲಿ ಸದ್ದು ಬಂತು. ಬಾಗಿಲ ಮುಂದೆ ನಿಂತಿತು. ಬಾಗಿಲಿನ ಆ ಕಡೆ ಯಾರೋ ಮೂಗಿನಿಂದ ಉಸಿರಾಡುವುದು ಕೇಳುತ್ತಿತ್ತು. ಆಮೇಲೆ ಏನೋ ಬಿರಡೆ ತಿರುಗಿದ ಸದ್ದು. ಬಾಗಿಲ ಸಂದಿಯಿಂದ ತೆಳ್ಳಗೆ ಒಂದು ಗೆರೆ ಒಳಗೆ ಹರಿಯಿತು. ನೆಲದ ಚಮಕಿಗಳು ಅದರ ಮೇಲೆ ತೇಲಿ ಸರಿದವು. ಪೆಟ್ರೋಲ್ ವಾಸನೆ ಮೂಗಿಗೆ ಹತ್ತುವ ಮೊದಲೇ ಗಂಗಾಂಬಿಕಾ ಎದ್ದಿದ್ದಳು. ಬಿಗಿದ ಅಗುಳಿ ಎಳೆದು ಬಾಗಿಲು ತೆರೆಯುವಷ್ಟರಲ್ಲಿ ಹೊರಗೆ ಕಡ್ಡಿ ಗೀರುವ ಸದ್ದು ಮೇಲಿಂದ ಮೇಲೆ ಕೇಳಿತು.

ನುಂಕಮ್ಮ ಹೊಸ್ತಿಲ ಮುಂದೆ ಕುಕ್ಕುರುಗಾಲಲ್ಲಿ ಕೂತಿದ್ದಳು. ಕೈಯಲ್ಲಿ ಬೆಂಕಿಪೊಟ್ಟಣ. ಕಾಲ ಬಳಿ ಹೊತ್ತದೆ ಮುರಿದ ನಾಲ್ಕು ಕಡ್ಡಿ. ಐದನೆಯದು ಬೆರಳ ನಡುವೆ ಅದುರುತ್ತಿತ್ತು. ಸಾವಿರಾರು ಎಳೆ ತಪ್ಪದೆ ಹೊಸೆಯುವ ಬೆರಳುಗಳು ಒಂದು ಕಡ್ಡಿ ಗೀರಲಾರದೆ ಹೋಗಿದ್ದವು. ಗಂಗಾಂಬಿಕಾ ಮಣಿಕಟ್ಟು ಹಿಡಿದಾಗ ಆಕೆ ಬಿಡಿಸಿಕೊಳ್ಳಲಿಲ್ಲ.

"ಅತ್ತಿಗೆ," ಅಂದಳು ನಿರ್ಮಲಾ, ಒಳಗಿನಿಂದ.

ನುಂಕಮ್ಮ ತಲೆ ಎತ್ತಿದಳು. ಏನೋ ಹೇಳಲು ಬಾಯಿ ತೆರೆದು, ಬೀದಿಯ ಎರಡೂ ಕಡೆ ನೋಡಿ, ಮುಚ್ಚಿಕೊಂಡಳು. ಬಾಗಿಲುಗಳಲ್ಲಿ ಜನ ಸೇರಿದ್ದರು.

1.15ಕ್ಕೆ ಬಂಧನ. ಪಂಚರ ಸಮಕ್ಷಮ ಒಂದು ಲೀಟರ್ ಬಾಟಲಿ, ಬೆಂಕಿಪೊಟ್ಟಣ, ಚೀಲದಲ್ಲಿದ್ದ ಆಲ್ಬಮ್ಮಿನ ಉಳಿದ ಫೋಟೊಗಳ ಜಪ್ತಿ. ಕ್ಯಾರಿಯರಿನಲ್ಲಿ ಎಡೆಯ ಅಡುಗೆ ಇತ್ತು: ಒಬ್ಬಟ್ಟು, ಅನ್ನ, ಹಾಗಲಕಾಯಿ ಗೊಜ್ಜು.

"ಸರ್, ಇದನ್ನೂ ಪಂಚನಾಮೆಗೆ ಸೇರಿಸಬೇಕಾ?" ಗಂಗಾಂಬಿಕಾ ಕೇಳಿದಳು.

"ಹಾಸ್ಟೆಲಿಗೆ ಕೊಟ್ಟು ಬಾ," ಅಂದ ಓಂಕಾರಮೂರ್ತಿ. "ನಿಮ್ಮವ್ವ ಕಳಿಸಿದ್ದು ಅಂತ ಹೇಳು. ಬೇರೇನೂ ಹೇಳಬೇಡ."

ನುಂಕಮ್ಮನ ಹೇಳಿಕೆ ಸಂಜೆ ನಾಲ್ಕರಿಂದ. ಗಂಗಾಂಬಿಕಾ ಪಕ್ಕದಲ್ಲಿ ಕೂತಿದ್ದಳು.

"ಫೋಟೊ ಯಾವಾಗ ತೆಗೀತಿದ್ದೆ?"

"ಅಮಾಸೆ ಹಿಂದಿನ ಸಂಜೆ. ಕೆಲಸ ಬಿಟ್ಟ ಕೂಡ್ಲೆ. ನಮ್ಮೋರು ನೀರು ಹುಯ್ಕಳಾಕೆ ಹೋದಾಗ ಅಟ್ಟ ಹತ್ತುತಿದ್ದೆ. ಕೈ ತೊಳಿಯೋವಷ್ಟು ಟೈಮು ಇರ್ತಿರಲಿಲ್ಲ."

"ಗಂಡನಿಗೆ ಗೊತ್ತಾ?"

"ಇಲ್ಲ. ಆ ಅಣ್ಣ ತಂಗಿ ಇಬ್ಬರೂ ಮಾತಾಡಿ ಗೊತ್ತಿಲ್ಲ ಸಾರ್. ನಾನೂ ಅವರ ಜೊತೆ ಸೇರಿ ಬಾಯಿ ಕಟ್ಕಂಡೆ."

"ಅವಳನ್ನ ಮೊದಲು ಎಲ್ಲಿ ನೋಡಿದ್ದು?"

"ಕೂಸನ್ನ ಹಾಸ್ಟೆಲಿಗೆ ಬಿಟ್ಟು ಬರೋ ದಿನ. ಆ ಮನೆ ಕಿಟಕಿಯಾಗೆ ನಿಂತಿದ್ದಳು. ಹದಿನೈದು ವರ್ಷ ಆದ್ಮೇಲೆ." ಆಕೆ ಸೆರಗಿನ ಅಂಚನ್ನು ಎರಡು ಬೆರಳಲ್ಲಿ ಹೊಸೆಯುತ್ತಿದ್ದಳು. "ಎರಡು ವರ್ಷ ಅಂದಿದ್ದಳು ಸಾರ್. ಎರಡು ಆಯ್ತು, ಬರಲಿಲ್ಲ. ಮೂರು ಆಯ್ತು. ಬಾಗಿಲು ಬಡಿದ್ರೆ ಸಾಕು, ಬಂದ್ಲು ಅಂತ ಕೂಸನ್ನ ಎತ್ಕಂಡು ಹಿತ್ತಲಿಗೆ ಓಡ್ತಿದ್ದೆ. ಟಪಾಲಿನೋನು ಬಂದ್ರೂ ಓಡ್ತಿದ್ದೆ. ದಿನಾ ಭಯ. ಈಗ ನೋಡಿದ್ರೆ ಬಂದು ಕಿಟಕಿಯಾಗೆ ನಿಂತವ್ಳೆ. ಕರ್ಕಂಡು ಹೋಗ್ತಾಳೆ ಅಂದ್ರೆ ನಾನು ಏನಂತ ಬ್ಯಾಡ ಅನ್ಲಿ? ಕೂಸು ಅವಳದೇ."

"ಅವಳು ಕೇಳಿದಳಾ?"

"ಕೇಳಾಕೆ ಬಿಡಬಾರದು ಅಂತಾನೇ..." ಆಕೆ ಮೇಜಿನ ಅಂಚು ಹಿಡಿದು ಮುಂದೆ ಬಾಗಿದಳು. "ಜೈಲಿಗೆ ಹಾಕ್ರಿ ಸಾರ್, ಎಷ್ಟು ವರ್ಷಾದ್ರೂ. ಆ ಹುಡುಗಿ ಯಾರ ಮಗಳು ಅನ್ನೋದು ಮಾತ್ರ ಕಾಗದದ ಮೇಲೆ ಬರಬಾರದು. ನಿಮ್ಮ ಕಾಲಿಗೆ ಬೀಳ್ತೀನಿ."

ಓಂಕಾರಮೂರ್ತಿ ಪೆನ್ನಿನ ಮುಚ್ಚಳ ಹಾಕಿದ. ಪಕ್ಕದ ಕೋಣೆಯಲ್ಲಿ ನಿರ್ಮಲಾ ತನ್ನ ಮುಂದುವರಿದ ಹೇಳಿಕೆಗೆ ಸಹಿ ಹಾಕಲು ಕಾಯುತ್ತಿದ್ದಳು. ನಡುವೆ ಇದ್ದದ್ದು ಒಂದು ಪ್ಲೈವುಡ್ ಗೋಡೆ. ನಿರ್ಮಲಾ ಒಮ್ಮೆ ಕೆಮ್ಮಿದ್ದು ಇಲ್ಲಿಗೆ ಕೇಳಿಸಿತು. ನುಂಕಮ್ಮನ ಬೆರಳು ಸೆರಗಿನ ಮೇಲೆ ನಿಂತಿತು.

ಅವನು ಎದ್ದು ಗಂಗಾಂಬಿಕಾಳಿಗೆ ಸನ್ನೆ ಮಾಡಿದ. ಆರಕ್ಕೆ ವೈದ್ಯಕೀಯ ತಪಾಸಣೆ, ಆಮೇಲೆ ನ್ಯಾಯಾಧೀಶರ ಮುಂದೆ ಹಾಜರು. ನ್ಯಾಯಾಂಗ ಬಂಧನ.

ಮರುವಾರ ನಿರ್ಮಲಾ ಮನೆ ಖಾಲಿ ಮಾಡಿದಳು. ಮುರುಗೇಂದ್ರಪ್ಪ ಈಗ ಇರಮ್ಮಾ ಅಂದರೂ ಇರಲಿಲ್ಲ. ಅತ್ತಿಗೆ ಜೈಲಿನಲ್ಲಿರುವಾಗ ಆ ಕಿಟಕಿಯಲ್ಲಿ ನಿಲ್ಲಲು ಆಗುವುದಿಲ್ಲ ಎಂದಷ್ಟೇ ಗಂಗಾಂಬಿಕಾಳಿಗೆ ಹೇಳಿದಳಂತೆ. ಹೋಗುವಾಗ ಹೊಸ ವಿಳಾಸ ಕೊಟ್ಟಳು, ಸಮನ್ಸ್ ಕಳಿಸಲು.

ನವೆಂಬರ್ 14ರಂದು ದೋಷಾರೋಪಣ ಪಟ್ಟಿ ಸಲ್ಲಿಕೆಯಾಯಿತು. ಬೆರಳಚ್ಚು ಹೊಂದಿಕೆಯಾಗಿತ್ತು, ಅಕ್ಷರವೂ. ಕಾರಣದ ಕಾಲಂನಲ್ಲಿ ಓಂಕಾರಮೂರ್ತಿ ಬರೆದದ್ದು ಮೂರು ಪದ: ಹಳೆಯ ಕೌಟುಂಬಿಕ ವೈಮನಸ್ಸು.

ಇಬ್ಬರು ಹೆಂಗಸರೂ ತನ್ನ ಬಳಿ ಒಂದೇ ಮಾತನ್ನು ಬೇಡಿಕೊಂಡಿದ್ದರೆಂದು ಅವನು ಇಬ್ಬರಲ್ಲಿ ಯಾರಿಗೂ ಹೇಳಲಿಲ್ಲ.